ಒಂದು ಬಡಿದರೆ ಬಿಡು, ಎರಡು ಬಡಿದರೆ ನಿಲ್ಲಿಸು

ಮಾರ್ಚ್ 3

ಅಖಂಡ ಇಸ್ತ್ರಿ ಸಾಮ್ರಾಜ್ಯದ ನಿವೃತ್ತ ಚಕ್ರವರ್ತಿಗಳೂ, ಮೂವತ್ತೊಂದು ವರ್ಷ ಆಸ್ಪತ್ರೆಗಳ ಹಾಸಿಗೆ ಬಟ್ಟೆಗಳಲ್ಲಿ ಅಡಗಿ ಕುಳಿತ ಸುಕ್ಕುಗಳನ್ನು ಹುಡುಕಿ ಹುಡುಕಿ ಸದೆಬಡಿದ ಧೀರರೂ, ಸದ್ಯ ಅಕ್ಕನ ಮನೆಯ ಬಾಲ್ಕನಿಯ ಪ್ಲಾಸ್ಟಿಕ್ ಸಿಂಹಾಸನದಲ್ಲಿ ವಿರಾಜಮಾನರಾಗಿ ಎದುರುಮನೆಯವರು ಬಟ್ಟೆ ಒಣಹಾಕುವ ಕ್ರಮವನ್ನು ಟೀಕಿಸುತ್ತಿರುವವರೂ ಆದ ಶ್ರೀಶ್ರೀಶ್ರೀ ಪಿತೃವರ್ಯರ ಪಾದಾರವಿಂದಗಳಲ್ಲಿ, ಕಿರಿಯ ಮಗಳಾದ ಕಪಿಯು ಸಾಷ್ಟಾಂಗ ಬಿದ್ದು, ಎದ್ದು, ಮೊಣಕಾಲಿನ ಧೂಳು ಕೊಡವಿಕೊಂಡು ಮಾಡುವ ವಿಜ್ಞಾಪನೆ.

ಅಪ್ಪಾ, ನಾನು ಅಧಿಕಾರಿಯಾದೆ.

ನಗಬೇಡ. ಹೋದ ತಿಂಗಳ ಮೊದಲವರೆಗೆ ನಿನ್ನ ಮಗಳು ನಮ್ಮ ಲಾಂಡ್ರಿಯಲ್ಲಿ ಕೊಳೆಬಟ್ಟೆಯ ಗಂಟುಗಳಿಗೆ ಚೀಟಿ ಕಟ್ಟುವವಳು. ಈಗ ‘ಆಂತರಿಕ ಸಂವಹನ ಸುಧಾರಣಾಧಿಕಾರಿ’. ಚೀಟಿಯನ್ನೂ ಕಟ್ಟುತ್ತೇನೆ, ಅದು ಬೇರೆ ವಿಷಯ. ಆದರೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕೈಯಲ್ಲಿ ಒಂದು ನೋಟ್‌ಬುಕ್ ಹಿಡಿದು ಎಲ್ಲಿ ಬೇಕಾದರೂ ಓಡಾಡಬಹುದು, ಯಾರನ್ನು ಬೇಕಾದರೂ ಹುಬ್ಬು ಗಂಟಿಕ್ಕಿ ಪ್ರಶ್ನೆ ಕೇಳಬಹುದು. ನನಗೆ ಒಂದು ಕಡೆ ಕೂರಲಾಗುವುದಿಲ್ಲ ಎಂದು ಚಿಕ್ಕಂದಿನಿಂದ ಬೈದೆಯಲ್ಲ, ಕೂರದೇ ಇರುವುದೇ ನನ್ನ ಉದ್ಯೋಗವಾಗಿದೆ.

ನೀನು ಬಿಟ್ಟುಹೋದ ಎರಡು ವರ್ಷದಲ್ಲಿ ಇಲ್ಲಿ ಏನೂ ಬದಲಾಗಿಲ್ಲ. ಒಗೆಯುವ ಹಾಲಿನವರಿಗೆ ಇಸ್ತ್ರಿ ಹಾಲಿನವರು ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ. ಇಸ್ತ್ರಿಯವರಿಗೆ ಗೊತ್ತು, ಆದರೆ ಬೇಸರವಿದೆ. ಮ್ಯಾನೇಜರು ಗಾಜಿನ ಕೋಣೆಯೊಳಗೆ ಕೂತು ಹೆಡ್ಡಾಫೀಸಿಗೆ ಪತ್ರ ಬರೆಯುತ್ತಾರೆ. ಹೆಡ್ಡಾಫೀಸಿನವರು ಅದಕ್ಕೆ ಉತ್ತರವಲ್ಲದ ಇನ್ನೊಂದು ಪತ್ರ ಬರೆಯುತ್ತಾರೆ. ಎಲ್ಲರೂ ಕ್ಷೇಮ.

ನನ್ನ ಮೊದಲ ಸುಧಾರಣೆ ಬಣ್ಣದ ಚೀಟಿ. ತುರ್ತು ಮಾತಿಗೆ ಕೆಂಪು, ಸಾಧಾರಣ ಮಾತಿಗೆ ಹಳದಿ, ಬಟ್ಟೆಯ ಗಂಟಿಗೆ ಪಿನ್ನು ಚುಚ್ಚಿ ಕಳಿಸುವುದು. ಮೊದಲನೆಯ ತುರ್ತು ಚೀಟಿಯನ್ನು ಯಾರೂ ಬಿಚ್ಚದೆ ಗಂಟಿನ ಸಮೇತ ಯಂತ್ರಕ್ಕೆ ಹಾಕಿದರು. ನಲವತ್ತು ಬಿಳಿ ಹಾಸುಬಟ್ಟೆಗಳು ಗುಲಾಬಿಯಾಗಿ ಹೊರಬಂದವು. ಮಕ್ಕಳ ವಾರ್ಡಿನಿಂದ ಮಾತ್ರ ಮೆಚ್ಚುಗೆ ಬಂದಿದೆ.

ಎರಡನೆಯದು ಸಲಹಾ ಪೆಟ್ಟಿಗೆ. ವಾರದ ಕೊನೆಗೆ ಸಕಲ ಗಾಂಭೀರ್ಯದಿಂದ ಬೀಗ ತೆಗೆದೆ. ಒಳಗೆ ಮೂರು ಗುಂಡಿ, ಅರ್ಧ ಬಿಸ್ಕತ್ತು, ಮತ್ತು ‘ಈ ಪೆಟ್ಟಿಗೆ ದಾರಿಗೆ ಅಡ್ಡ ಇದೆ’ ಎಂಬ ಒಂದು ಸಲಹೆ. ಸಲಹೆಯನ್ನು ಜಾರಿಗೆ ತಂದೆ. ಪೆಟ್ಟಿಗೆ ಈಗ ಮೂಲೆಯಲ್ಲಿದೆ.

ಮೂರನೆಯದಕ್ಕೆ ನಿನ್ನ ಸಹಾಯ ಬೇಕು. ಇಸ್ತ್ರಿ ಹಾಲಿನ ದೊಡ್ಡ ರೋಲರಿಗೆ ಸುತ್ತಿದ ದಪ್ಪ ಬಟ್ಟೆ ಸರಿಮಾಡಲು ದಿನಕ್ಕೆ ನಾಲ್ಕು ಸಲ ಸ್ಟೀಮು ನಿಲ್ಲಿಸುತ್ತಾರೆ. ಸರಿಮಾಡಿದ ಮೇಲೆ ಮತ್ತೆ ಸ್ಟೀಮು ಬರಲು ಹನ್ನೊಂದು ನಿಮಿಷ ಬೇಕು. ನಾನೇ ಗಡಿಯಾರ ಹಿಡಿದು ನೋಡಿದೆ. ಅಷ್ಟು ಹೊತ್ತು ಎಂಟು ಜನ ಕೈಕಟ್ಟಿ ನಿಂತಿರುತ್ತಾರೆ. ಯಾಕೆ ಎಂದರೆ ‘ಮೊದಲಿಂದ್ಲೂ ಹೀಗೇ’ ಅನ್ನುತ್ತಾರೆ. ಮೊದಲಿನಿಂದ ಇದ್ದವನು ನೀನು. ಹೇಳು.

ಫೋನಿನಲ್ಲಿ ನೀನು ‘ಹೂಂ’, ‘ಸರಿ’ ಎರಡೇ ಮಾತಾಡುತ್ತೀಯ, ಆದ್ದರಿಂದ ಈ ಪತ್ರ. ಬರೆದೇ ಉತ್ತರಿಸತಕ್ಕದ್ದು.

ಇತಿ, ಘನತೆವೆತ್ತ,
ಕಪಿ (ಆಂ. ಸಂ. ಸು. ಅ.)


ಮಾರ್ಚ್ 14

ಕಪಿ,

ನಿನ್ನ ಪತ್ರ ಬಂತು. ಅಕ್ಕ ಮೊದಲ ವಾಕ್ಯವನ್ನು ಅಡುಗೆಮನೆಯಿಂದ ಹಜಾರದವರೆಗೆ ಓದುತ್ತಾ ಬಂದಳು, ಹಜಾರ ಮುಗಿಯಿತು, ವಾಕ್ಯ ಮುಗಿಯಲಿಲ್ಲ.

ಎದುರುಮನೆಯವರ ವಿಷಯದಲ್ಲಿ ನಾನು ಹೇಳುವುದು ನ್ಯಾಯ. ತೋಳು ಹಿಡಿದು ನೇತುಹಾಕಿದರೆ ಅಂಗಿ ಜೋಲುತ್ತದೆ, ಅಂಚು ಹಿಡಿದು ಹಾಕಬೇಕು. ಅಷ್ಟು ದೂರದಿಂದ ಕೂಗಿ ಹೇಳಿದರೆ ಅವರು ಕಿಟಕಿ ಹಾಕಿಕೊಂಡರು.

ಕೆಂಪು ಕಾಗದವನ್ನು ಲಾಂಡ್ರಿಗೆ ತಂದವಳು ನನ್ನ ಮಗಳು ಎಂದು ಯಾರಿಗೂ ಹೇಳಬೇಡ. ಚೀಟಿ ಬಿಡು. ಗಂಟು ಬಿಚ್ಚುವ ಹೆಂಗಸರ ಹತ್ತಿರ ಹೋಗಿ ನಿಂತು, ಮುಖ ನೋಡಿ ಮಾತಾಡು. ಅವರು ಊಟಕ್ಕೆ ಕೂತಾಗ ನೀನೂ ಕೂತುಕೋ. ನೋಟ್‌ಬುಕ್ ಹೊರಗಿಡು. ನಾನು ಕಂಡ ಮಟ್ಟಿಗೆ ನೋಟ್‌ಬುಕ್ ಹಿಡಿದು ಬಂದವರಿಗೆ ಯಾರೂ ನಿಜ ಹೇಳಿಲ್ಲ.

ಸ್ಟೀಮಿನ ಗೊಡವೆಗೆ ಹೋಗಬೇಡ. ಹನ್ನೊಂದು ನಿಮಿಷ ಏನು ಮಹಾ. ಜನಕ್ಕೆ ಸ್ವಲ್ಪ ಕೈಕಾಲು ಸಡಿಲವಾಗುತ್ತದೆ. ಬಾಯ್ಲರ್ ಮನೆ ಬಿಸಿ ಜಾಗ, ನಿನ್ನಂಥವಳು ಅಲ್ಲಿ ಓಡಾಡುವುದು ಒಳ್ಳೆಯದಲ್ಲ. ಬೇರೆ ಏನಾದರೂ ಸುಧಾರಿಸು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ


ಏಪ್ರಿಲ್ 2

ಬಾಲ್ಕನಿ ಸಂಸ್ಥಾನಾಧೀಶ್ವರರೂ ಪರಕೀಯ ಅಂಗಿಗಳ ಹಿತಚಿಂತಕರೂ ಆದ ಅಪ್ಪಾಜಿಯವರಿಗೆ,

‘ಹೋಗಬೇಡ’ ಎಂದು ಬರೆದ ಮೇಲೆ ನಾನು ಹೋಗದೆ ಇರುತ್ತೇನೆಂದು ನೀನೂ ನಂಬಿರಲಾರೆ. ಹೋದೆ.

ಹನ್ನೊಂದು ನಿಮಿಷದ ರಹಸ್ಯ ಬಯಲಾಯಿತು. ಇಸ್ತ್ರಿ ಹಾಲಿನವರು ಸ್ಪ್ಯಾನರಿನಿಂದ ಗೋಡೆಯ ಪೈಪಿಗೆ ಹೊಡೆಯುತ್ತಾರೆ: ಒಂದು ಬಡಿದರೆ ಸ್ಟೀಮು ಬಿಡು, ಎರಡು ಬಡಿದರೆ ನಿಲ್ಲಿಸು. ಯಂತ್ರಗಳ ಗದ್ದಲದಲ್ಲಿ ಕೂಗಿದರೆ ಕೇಳದು, ಪೈಪಿನೊಳಗಿಂದ ಸದ್ದು ಮಾತ್ರ ಕೆಳಗಿನ ಬಾಯ್ಲರ್ ಮನೆಯವರೆಗೂ ಹೋಗುತ್ತದೆ. ಈ ಏರ್ಪಾಡು ನಿನಗೆ ನಾನು ಹೇಳಬೇಕಿಲ್ಲ. ಇದನ್ನು ಮಾಡಿದವರೇ ನೀನು ಮತ್ತು ನಿನ್ನ ಹಳೆಯ ಸ್ನೇಹಿತ ಬಾಯ್ಲರ್ ಮಾವ ಎಂದು ಹಳಬರು ಹೇಳುತ್ತಾರೆ. ಎರಡು ಬಡಿದರೆ ಮಾವ ಕೂತಲ್ಲೇ ಕೈಚಾಚಿ ವಾಲ್ವು ಮುಚ್ಚುತ್ತಾರೆ. ಆದರೆ ಒಂದು ಬಡಿದರೆ ಬಿಡುವುದಿಲ್ಲ. ಎದ್ದು, ಕೈ ಒರೆಸಿಕೊಂಡು, ಅಂಗಳ ಸುತ್ತಿ, ಇಪ್ಪತ್ತಾರು ಮೆಟ್ಟಿಲು ಹತ್ತಿ, ಇಸ್ತ್ರಿ ಹಾಲಿನ ಬಾಗಿಲಲ್ಲಿ ನಿಂತು ರೋಲರಿನ ಹತ್ತಿರ ಯಾರ ಕೈಯೂ ಇಲ್ಲವೆಂದು ಕಣ್ಣಾರೆ ನೋಡಿ, ಮತ್ತೆ ಇಳಿದು ಹೋಗಿ ಬಿಡುತ್ತಾರೆ. ಮೊಣಕಾಲು ನೋವಿನ ಮನುಷ್ಯ. ದಿನಕ್ಕೆ ನಾಲ್ಕು ಸಲ.

ಯಾಕೆ ಮಾವ ಎಂದು ಕೇಳಿದೆ. ನಾನು ಯಾರೆಂದು ಮೊದಲು ಅವರಿಗೆ ಗುರುತು ಸಿಗಲಿಲ್ಲ. ಮನೆಗೆ ಬರುವುದು ಬಿಟ್ಟು ಏಳು ವರ್ಷವಾಯಿತಲ್ಲ, ಆಗ ನಾನು ಎರಡು ಜಡೆಯವಳು. ಗುರುತು ಸಿಕ್ಕ ಮೇಲೆ ನನಗೆ ಕೂರಲು ಬಕೆಟ್ಟು ಬೋರಲು ಹಾಕಿಕೊಟ್ಟರು. ‘ನನ್ನ ಕಿವೀನ ನಂಬೋ ಹಾಗಿಲ್ಲ ಮಗೂ’ ಅಂದರು. ‘ಇಲ್ದಿರೋ ಸದ್ದು ಕೇಳ್ಸುತ್ತೆ. ನಿಮ್ಮಪ್ಪನ ಕೈ ನೋಡಿದ್ದೀಯಲ್ಲ.’

ನಿನ್ನ ಕೈ ನೋಡಿದ್ದೇನೆ. ಮಾವ ನೋಡದೆ ಸ್ಟೀಮು ಬಿಟ್ಟರು, ಮೊಣಕೈವರೆಗೆ ಸುಟ್ಟಿತು, ಅಂದಿನಿಂದ ನಿನಗೆ ಅವರ ಮೇಲೆ ಕೋಪ, ಎಂದಷ್ಟೇ ನಮ್ಮ ಮನೆಯಲ್ಲಿ ಗೊತ್ತಿರುವುದು. ನಿನಗೆ ಕೋಪ ಬಂದದ್ದು ನ್ಯಾಯವೇ ಎಂದು ಅವರೂ ಹೇಳಿದರು. ಅದಕ್ಕೇ ಎದುರು ಬರಲಿಲ್ಲವಂತೆ.

ಇನ್ನು ಮುಂದಿನದು ಹೇಳಲೋ ಬೇಡವೋ ಎಂದು ಮೂರು ದಿನದಿಂದ ಒದ್ದಾಡಿದ್ದೇನೆ. ಕಿವಿಯ ಪರೀಕ್ಷೆ ನಾನೇ ಮಾಡೋಣವೆಂದುಕೊಂಡೆ. ಹೋದ ವಾರ ಊಟದ ಬಿಡುವಿನಲ್ಲಿ ಇಸ್ತ್ರಿ ಹಾಲು ಖಾಲಿಯಾಗಿತ್ತು. ಪೈಪಿಗೆ ಒಂದು ಏಟು ಹಾಕಿ, ಸ್ಪ್ಯಾನರು ಬೆನ್ನ ಹಿಂದೆ ಇಟ್ಟುಕೊಂಡು ನಿಂತೆ. ಐದನೇ ನಿಮಿಷಕ್ಕೆ ಮಾವ ಬಾಗಿಲಲ್ಲಿ. ಉಸಿರು ಮೇಲೆ ಕೆಳಗೆ. ಖಾಲಿ ಹಾಲು ನೋಡಿದರು, ನನ್ನನ್ನು ನೋಡಿದರು. ‘ನೀನು ಬಡಿದ್ಯಾ?’ ಎಂದು ಕೇಳಿದರು.

ನಾನು ಅತ್ಯಂತ ಗಂಭೀರವಾಗಿ ‘ಇಲ್ವಲ್ಲ ಮಾವ’ ಅಂದೆ. ಆಮೇಲೆ ಸ್ಪ್ಯಾನರು ತೋರಿಸಿ ನಗಿಸುವುದು ನನ್ನ ಉದ್ದೇಶ.

ಅಪ್ಪಾ, ಅವರು ವಾದ ಮಾಡಲಿಲ್ಲ. ಸುಳ್ಳು ಹೇಳ್ತೀಯಾ ಎಂದು ಕಿವಿ ಹಿಂಡಲೂ ಇಲ್ಲ. ‘ಸರಿ’ ಎಂದು ತಿರುಗಿ, ಗೋಡೆಗೆ ಕೈಕೊಟ್ಟು ಮೆಟ್ಟಿಲಿಳಿದರು. ಕೆಳಗಿನ ಮೆಟ್ಟಿಲಲ್ಲಿ ನಿಂತು ಎರಡೂ ಕಿವಿಗಳನ್ನು ಅಂಗೈಯಲ್ಲಿ ಒತ್ತಿ ಒತ್ತಿ ಬಿಟ್ಟರು, ನೀರು ಹೊಕ್ಕವರ ಹಾಗೆ. ನನಗೆ ನಗು ಬರಲಿಲ್ಲ. ಹಿಂದೆಯೇ ಓಡಿ ಹೋಗಿ ಹೇಳಬೇಕಿತ್ತು, ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಹೋಗಿ ಹೇಳಿದೆ, ‘ನಾನೇ ಬಡಿದದ್ದು ಮಾವ, ತಮಾಷೆಗೆ.’ ಬೈಗುಳಕ್ಕೆ ತಲೆ ಬಗ್ಗಿಸಿಕೊಂಡೇ ನಿಂತಿದ್ದೆ. ಅವರು ಬಕೆಟ್ಟಿನ ಮೇಲೆ ಕೂತುಬಿಟ್ಟರು. ‘ಇನ್ನೊಂದ್ ಸಲ ಹೇಳು’ ಅಂದರು. ಹೇಳಿದೆ. ‘ಹಾಗಾದ್ರೆ ನಿನ್ನೆ ಕೇಳ್ಸಿದ್ದು ನಿಜ’ ಅಂದರು. ಆಮೇಲೆ, ನನಗಲ್ಲ, ಬಾಯ್ಲರಿಗೆ ಹೇಳುವವರಂತೆ, ‘ತಪ್ಪಿದ್ದು ಅವತ್ತಿಂದೊಂದೇ’ ಅಂದರು.

ಅವತ್ತು ಏನಾಗಿತ್ತು ಅಪ್ಪಾ? ನನಗೇಕೋ ನಿದ್ದೆ ಸರಿಬರುತ್ತಿಲ್ಲ. ಬೇಗ ಬರೆ.

ನಿನ್ನ,
ಕಪಿ


ಏಪ್ರಿಲ್ 9

ಕಪಿ,

ಅವನ ಹತ್ತಿರ ಆಟ ಆಡಬೇಡ. ಇನ್ನೊಂದು ಸಲ ಆ ಪೈಪು ಮುಟ್ಟಿದರೆ ನಾನೇ ಬಂದು ನಿನ್ನ ಕೆಲಸ ಬಿಡಿಸುತ್ತೇನೆ. ಎಲ್ಲವೂ ತಮಾಷೆಯಲ್ಲ.

ಅಪ್ಪ


ಮೇ 20

ಅಪ್ಪ,

ಕಾರ್ಡು ಬಂತು. ಅದಾದ ಮೇಲೆ ನಾಲ್ಕು ಪತ್ರ ಬರೆದೆ, ಯಾವುದನ್ನೂ ಕಳಿಸಲಿಲ್ಲ. ಒಂದರಲ್ಲಿ ಬಿರುದುಗಳೇ ಒಂದೂವರೆ ಪುಟ ಆಗಿತ್ತು. ಇದರಲ್ಲಿ ಬಿರುದು ಇಲ್ಲ.

ನಾನು ಮಾಡಿದ ಕೆಲಸ ಕೈಮೀರಿದೆ. ಹನ್ನೊಂದು ನಿಮಿಷದ ವಿಷಯವನ್ನು ನನ್ನ ವರದಿಯಲ್ಲಿ ಬರೆದುಕೊಟ್ಟಿದ್ದೆ. ಬರೀ ನಿಮಿಷಗಳನ್ನು ಬರೆದಿದ್ದೆ, ಮೆಟ್ಟಿಲು, ಮೊಣಕಾಲು, ಕಿವಿ ಯಾವುದೂ ಇರಲಿಲ್ಲ. ಇಲ್ಲಿ ಯಾವ ಕಾಗದವನ್ನೂ ಯಾರೂ ಓದುವುದಿಲ್ಲ ಎಂಬ ಧೈರ್ಯದಲ್ಲಿದ್ದೆ. ಮ್ಯಾನೇಜರು ಓದಿದರು. ಇಪ್ಪತ್ತು ವರ್ಷದಲ್ಲಿ ಈ ಲಾಂಡ್ರಿಯಲ್ಲಿ ಓದಲ್ಪಟ್ಟ ಮೊದಲ ವರದಿ ನನ್ನದೇ ಇರಬೇಕು. ಮಾವನನ್ನು ಕರೆಸಿ ತಡ ಯಾಕೆಂದು ಕೇಳಿದರು. ಮಾವ ಒಂದು ನೆಪ ಹೇಳಬಹುದಿತ್ತು. ‘ಕಿವಿ ಸರಿಯಿಲ್ಲ ಸಾರ್’ ಎಂದು ತಾವೇ ಹೇಳಿಬಂದರು.

ಕಿವಿ ಡಾಕ್ಟರ ಹತ್ತಿರ ಜೊತೆಗೆ ನಾನು ಹೋಗಿದ್ದೆ. ತಲೆಗೆ ಯಂತ್ರ ಹಾಕಿ ಸದ್ದು ಕೇಳಿಸಿದಾಗ ಬೆರಳೆತ್ತಿ ಎಂದರು. ಮಾವ ಒಂದೊಂದಕ್ಕೂ ಬೆರಳೆತ್ತುವ ಮೊದಲು ನನ್ನ ಕಡೆ ನೋಡುತ್ತಿದ್ದರು, ನಿಜವಾಗಿ ಬಂತಾ ಎಂದು ಕೇಳುವ ಹಾಗೆ. ಕೊನೆಗೆ ಡಾಕ್ಟರು ನನ್ನನ್ನು ಹೊರಗೆ ಕಳಿಸಿದರು. ಕಿವಿಯಲ್ಲಿ ಏನೂ ದೋಷವಿಲ್ಲ, ನಲವತ್ತು ವರ್ಷದವರ ಕಿವಿ ಇದ್ದ ಹಾಗಿದೆ ಎಂದು ಬರೆದುಕೊಟ್ಟರು.

ದಾರಿಯಲ್ಲಿ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಮಾವ ಅಂದದ್ದು ಇಷ್ಟು: ‘ಯಂತ್ರಕ್ಕೇನ್ ಗೊತ್ತು ಮಗೂ. ನಿಮ್ಮಪ್ಪ ಬಡಿಲಿಲ್ಲ ಅಂದ. ನನಗೆ ಕೇಳ್ಸಿತ್ತು. ಅವನು ಸುಳ್ಳು ಹೇಳೋ ಮನುಷ್ಯ ಅಲ್ಲ. ಅಂದ್ಮೇಲೆ ತಪ್ಪು ಎಲ್ಲಿದೆ ಅಂತ ಗೊತ್ತಾಯ್ತಲ್ಲ.’

ಬಾಯ್ಲರ್ ಕೆಲಸದಿಂದ ತನ್ನನ್ನು ಬಿಡಿಸಿ ಎಂದು ಅವರೇ ಅರ್ಜಿ ಕೊಟ್ಟಿದ್ದಾರೆ. ಜೂನ್ ಹದಿನೈದಕ್ಕೆ ಗೇಟಿನ ಹತ್ತಿರ ಗಂಟು ಎಣಿಸುವ ಕುರ್ಚಿ. ಮೂವತ್ತಮೂರು ವರ್ಷ ಬಾಯ್ಲರಿನ ಉಸಿರು ಕೇಳಿ ನೀರು ಎಷ್ಟಿದೆ ಎಂದು ಹೇಳುತ್ತಿದ್ದ ಮನುಷ್ಯ. ಕುರ್ಚಿಯನ್ನು ಆಗಲೇ ತಂದಿಟ್ಟಿದ್ದಾರೆ. ನಿನ್ನೆ ಸಂಜೆ ಮಾವ ಅದರಲ್ಲಿ ಒಂದು ಸಲ ಕೂತು, ಎದ್ದು, ಕೈಯಿಂದ ಧೂಳು ಒರೆಸಿ ಹೋದರು.

ಅಪ್ಪ, ನಾನು ಯೋಚಿಸಿ ಯೋಚಿಸಿ ಒಂದು ಕಡೆ ಬಂದು ನಿಲ್ಲುತ್ತೇನೆ. ಅವರಿಗೆ ನಾನು ಬಡಿದದ್ದು ಕೇಳಿಸಿತು. ನಾನು ಇಲ್ಲ ಎಂದಾಗ ತಮ್ಮ ಕಿವಿಯನ್ನು ಬಿಟ್ಟು ನನ್ನನ್ನು ನಂಬಿದರು. ಅವತ್ತಿನ ಒಂದು ದಿನ ಬಿಟ್ಟರೆ ಅವರ ಕಿವಿ ಯಾವತ್ತೂ ತಪ್ಪಿಲ್ಲ.

ಅವತ್ತು ನೀನು ಬಡಿದಿದ್ದೆಯಾ?

ಕಪಿ


ಜೂನ್ 1

ಲೇ ಕಪಿ,

ಅದೇನು ಬರೆದು ಕಳಿಸಿದೆ ನೀನು? ನಿನ್ನ ಪತ್ರ ಬಂದ ದಿನದಿಂದ ಅಪ್ಪ ಬಾಲ್ಕನಿಗೆ ಹೋಗಿಲ್ಲ. ಎದುರುಮನೆಯವರು ಅಂಗಿಯನ್ನು ತೋಳು ಹಿಡಿದೇ ನೇತುಹಾಕಿದ್ದಾರೆ, ಇವರು ತಿರುಗಿಯೂ ನೋಡಲಿಲ್ಲ. ಹಜಾರದಲ್ಲಿ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ನಿನ್ನ ಭಾವ ಪೇಪರು ಓದುತ್ತಾ ಕಾಲು ಮಡಿಸಿಕೊಂಡು ದಾರಿ ಬಿಡುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ.

ನನ್ನ ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡು ಕೂರುತ್ತಾರೆ. ಎರಡು ಸಾಲು ಬರೆಯುತ್ತಾರೆ, ಹರಿಯುತ್ತಾರೆ. ತುಂಡುಗಳನ್ನು ಕಸದ ಬುಟ್ಟಿಗೂ ಹಾಕುವುದಿಲ್ಲ, ಜೇಬಿಗೆ ಹಾಕಿಕೊಳ್ಳುತ್ತಾರೆ. ಏನಪ್ಪಾ ಎಂದು ಕೇಳಿದರೆ, ನಿನಗಲ್ಲ ಹೋಗು ಎಂದರು. ನನಗೆ ನಲವತ್ತಾಯಿತು, ನಿನಗಲ್ಲ ಹೋಗು ಅನ್ನಿಸಿಕೊಳ್ಳುವ ವಯಸ್ಸಾ ಇದು?

ನಿನ್ನೆ ಊಟ ಮಾಡುತ್ತಾ ಇದ್ದಕ್ಕಿದ್ದಂತೆ, ನಮ್ಮ ಊರಿಗೆ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು. ಆರೂಕಾಲಿಗೆ ಎಂದೆ. ಆಮೇಲೆ ಅನ್ನ ಬಿಟ್ಟು ಎದ್ದರು.

ನೀನು ಅವರನ್ನು ನೋಯಿಸಿದ್ದರೆ ಬಂದು ನಿನ್ನ ಕಿವಿ ಕಿತ್ತು ಕೈಗೆ ಕೊಡುತ್ತೇನೆ. ಅವರೇ ಯಾರನ್ನಾದರೂ ನೋಯಿಸಿದ್ದರೆ, ಅದನ್ನು ನನಗೆ ಹೇಳಬೇಡ. ನೀವಿಬ್ಬರೇ ಸರಿಮಾಡಿಕೊಳ್ಳಿ.

ಅಕ್ಕ


ಜೂನ್ 6

ಕಪಿ,

ಹೌದು. ಬಡಿದಿದ್ದೆ.

ಈ ಎರಡು ಮಾತಿಗೆ ಮೊಮ್ಮಗಳ ನೋಟ್‌ಬುಕ್ಕು ಅರ್ಧ ಖಾಲಿಯಾಯಿತು.

ಅವತ್ತು ರೋಲರಿನ ಬಟ್ಟೆ ಪೂರ್ತಿ ಬದಲಾಯಿಸಿದ್ದೆ. ಮುಗಿಯಿತು ಎಂದುಕೊಂಡು ಪೈಪಿಗೆ ಒಂದು ಏಟು ಹಾಕಿದೆ. ಹಾಕಿದ ಮೇಲೆ ನೋಡಿದರೆ ರೋಲರಿನ ಕೆಳಗಡೆ, ಸ್ಟೀಮು ಬರುವ ಕೊಳವೆಯ ನಟ್ಟು ಸಡಿಲವಾಗಿಯೇ ಇದೆ. ಎರಡು ಬಡಿದು ನಿಲ್ಲಿಸು ಎನ್ನಬೇಕಿತ್ತು. ಅವನು ವಾಲ್ವಿನ ಹತ್ತಿರ ಬರುವಷ್ಟರಲ್ಲಿ ಬಿಗಿ ಮಾಡಿಬಿಡುತ್ತೇನೆ ಎಂದು ಕೈ ಹಾಕಿದೆ. ಅವನು ಆಗೆಲ್ಲ ತಡಮಾಡುವ ಮನುಷ್ಯನಲ್ಲ.

ನನ್ನನ್ನು ಎತ್ತಿಕೊಂಡು ಇಪ್ಪತ್ತಾರು ಮೆಟ್ಟಿಲು ಇಳಿಸಿದವನು ಅವನೇ. ನಿನಗೆ ಗೊತ್ತಿರಲಿಲ್ಲ ಅಲ್ಲವಾ.

ಮೂರನೇ ದಿನ ಆಗಿನ ಮ್ಯಾನೇಜರು ಆಸ್ಪತ್ರೆಗೆ ಬಂದು, ಹಾಸಿಗೆಯ ಪಕ್ಕ ನಿಂತು, ‘ನೀವು ಬಡಿದ್ರಾ?’ ಎಂದು ಕೇಳಿದರು. ಅವನು ಮಂಚದ ಕಾಲ ಬಳಿ ನಿಂತಿದ್ದ, ನನಗೆ ತಂದ ಊಟದ ಡಬ್ಬಿ ಹಿಡಿದುಕೊಂಡು. ಸುತ್ತ ನನ್ನ ಕೈಕೆಳಗಿನ ಹುಡುಗರೂ ಇದ್ದರು. ನಟ್ಟು ನೋಡದೆ ಬಡಿಯಬೇಡಿ ಎಂದು ದಿನಾ ಅವರಿಗೆ ಬೈಯುತ್ತಿದ್ದ ಮೇಸ್ತ್ರಿ ನಾನು. ಬಾಯಿಂದ ‘ಇಲ್ಲ’ ಎಂದು ಬಂತು. ಬಂದ ಮೇಲೆ ಒಳಗೆ ಹಾಕಿಕೊಳ್ಳಲು ಆಗಲಿಲ್ಲ.

ಅವನು ಕೂಗಾಡುತ್ತಾನೆ ಎಂದು ಕಾದೆ. ಕೂಗಾಡಿದ್ದರೆ ನಾನೂ ಕೂಗಾಡಿ, ಎಲ್ಲೋ ಒಂದು ಕಡೆ ನಿಜ ಹೊರಗೆ ಬೀಳುತ್ತಿತ್ತು. ಅವನು ನನ್ನ ಮುಖ ನೋಡಿ, ‘ನನಗೆ ಕೇಳ್ಸಿದ ಹಾಗಾಯ್ತು ಸಾರ್, ಏನೋ’ ಎಂದ. ನನ್ನನ್ನು ನಂಬಿಬಿಟ್ಟ ಕಣೇ. ತನ್ನ ಕಿವಿಗಿಂತ ಹೆಚ್ಚಾಗಿ.

ಅವನ ಸರ್ವಿಸ್ ಪುಸ್ತಕದಲ್ಲಿ ಅಜಾಗರೂಕತೆ ಎಂದು ಬರೆದರು. ನನಗೆ ಎರಡು ತಿಂಗಳು ರಜೆ ಕೊಟ್ಟರು. ನಾನು ಮತ್ತೆ ಕೆಲಸಕ್ಕೆ ಬಂದ ಮೇಲೆ ಐದು ವರ್ಷ, ದಿನಕ್ಕೆ ನಾಲ್ಕು ಸಲ, ಅವನು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಇಣುಕಿ ನೋಡುತ್ತಿದ್ದ. ನಾನು ಬಟ್ಟೆ ನೋಡುತ್ತಿದ್ದೆ. ಕೋಪ ಎಂದು ಅವನು ತಿಳಿದ. ನೀವೂ ತಿಳಿದಿರಿ. ಕೋಪ ಎಂದುಕೊಂಡರೆ ನನಗೆ ಅನುಕೂಲವಾಗಿತ್ತು.

ಇದನ್ನು ಅವನಿಗೆ ಓದಿ ಹೇಳಬೇಡ. ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಕಾಗದದಲ್ಲಿ ಕಳಿಸುವ ಮಾತಲ್ಲ ಇದು. ನೀನು ಬಸ್‌ಸ್ಟ್ಯಾಂಡಿಗೂ ಬರಬೇಡ, ದಾರಿ ಗೊತ್ತಿದೆ. ನಿನ್ನನ್ನು ನೋಡಿದರೆ ಮಾತು ಬೇರೆ ಕಡೆ ತಿರುಗಿಸಿಬಿಡುತ್ತೇನೆ.

ಅಪ್ಪ


ಜುಲೈ 4

ಪೂಜ್ಯ ಅಪ್ಪನಿಗೆ,

ಈ ಸಲ ಒಂದೇ ಬಿರುದು. ಅದನ್ನು ತಮಾಷೆಗೆ ಬರೆದದ್ದಲ್ಲ, ಆದರೂ ಅಕ್ಕನಿಗೆ ಹಜಾರದಲ್ಲಿ ಓದಲು ಕೊಡಬೇಡ.

ಬಾಯ್ಲರ್ ಮನೆಯೊಳಗೆ ಏನಾಯಿತೆಂದು ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ‘ನೀನು ಹೊರಗಿರು’ ಎಂದು ಬಾಗಿಲು ಹಾಕಿಕೊಂಡೆ. ಕಿಟಕಿಯ ಗಾಜಿಗೆ ಮೂಗು ಒತ್ತಿ ನಿಂತ ನನಗೆ ಕಂಡದ್ದು ಇಷ್ಟು. ನೀನು ನಿಂತೇ ಮಾತಾಡಿದೆ. ಮಾವ ಕೇಳುತ್ತಾ ಕೇಳುತ್ತಾ ನಿನಗೆ ಬೆನ್ನು ಹಾಕಿ, ನೀರಿನ ಮಟ್ಟ ನೋಡಿದರು, ವಾಲ್ವು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ನೀನು ಮುಗಿಸಿದ ಮೇಲೂ ಒರೆಸುತ್ತಲೇ ಇದ್ದರು. ನೀನು ಮುಕ್ಕಾಲು ಗಂಟೆ ಹಾಗೇ ನಿಂತಿದ್ದೆ. ಬಕೆಟ್ಟು ಪಕ್ಕದಲ್ಲೇ ಇತ್ತು, ಅವರೂ ಕೂರು ಅನ್ನಲಿಲ್ಲ, ನೀನೂ ಕೂರಲಿಲ್ಲ. ಹೊರಗೆ ಬಂದವನು ಮ್ಯಾನೇಜರ ಕೋಣೆಗೆ ಹೋಗಿ ಒಂದು ಕಾಗದ ಬರೆದುಕೊಟ್ಟು, ‘ಬಸ್ಸಿಗೆ ಹೊತ್ತಾಯಿತು’ ಎಂದು ಹೊರಟೆ. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು.

ಆಮೇಲಿನದು ನನಗೆ ಗೊತ್ತು, ನಿನಗೆ ಗೊತ್ತಿಲ್ಲ. ಅದಕ್ಕೇ ಈ ಪತ್ರ.

ಮಾವ ನಾಲ್ಕು ದಿನ ಸಿಕ್ಕ ಸಿಕ್ಕ ವಾಲ್ವನ್ನೆಲ್ಲ ಒರೆಸುತ್ತಲೇ ಕಳೆದರು. ನಾನು ಎದುರು ಸಿಕ್ಕರೆ ನನ್ನ ಮುಖದಲ್ಲಿ ನಿನ್ನ ಮೂಗು ಕಾಣುತ್ತದೋ ಏನೋ, ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಐದನೇ ದಿನ ಅರ್ಜಿ ವಾಪಸು ತೆಗೆದುಕೊಂಡರು. ಗೇಟಿನ ಕುರ್ಚಿಯಲ್ಲಿ ಈಗ ಬೀದಿಬೆಕ್ಕು ಮಲಗುತ್ತದೆ. ನೀನು ಬರೆದುಕೊಟ್ಟ ಕಾಗದವನ್ನು ಮ್ಯಾನೇಜರು ಎರಡು ಸಲ ಓದಿ, ಇದನ್ನು ಸಿಬ್ಬಂದಿಯ ಫೈಲಿಗೆ ಹಾಕುವುದೋ ಸ್ಟೀಮಿನ ಫೈಲಿಗೆ ಹಾಕುವುದೋ ಎಂದು ನನ್ನನ್ನು ಕೇಳಿದರು. ಮಾವನ ಪುಸ್ತಕಕ್ಕೆ ಎಂದೆ. ಅಜಾಗರೂಕತೆ ಎಂಬುದರ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದ್ದಾರೆ. ಮಾವನಿಗೆ ತೋರಿಸಿದೆ. ಕನ್ನಡಕ ತಂದಿಲ್ಲ ಎಂದರು. ಕನ್ನಡಕ ಹಣೆಯ ಮೇಲೇ ಇತ್ತು.

ಸ್ಟೀಮು ಈಗ ತಕ್ಷಣ ಬರುತ್ತದೆ ಎಂದುಕೊಂಡಿದ್ದರೆ, ಇಲ್ಲ. ಒಂದು ಬಡಿದರೆ ಇನ್ನೂ ಮೆಟ್ಟಿಲು ಹತ್ತಿ ಬರುತ್ತಾರೆ. ಹನ್ನೊಂದು ನಿಮಿಷ ಇದ್ದದ್ದು ಒಂಬತ್ತಾಗಿದೆ. ಯಾಕೆ ಮಾವ, ಈಗೇನು ಎಂದೆ. ‘ಏಳು ವರ್ಷ ಹತ್ತಿದ್ದೀನಿ ಮಗೂ, ಒಂದೇ ದಿನಕ್ಕೆ ಇಳಿಯೋಕಾಗಲ್ಲ’ ಅಂದರು. ನಿನ್ನ ಮೇಲೆ ಕೋಪವಾ ಎಂದು ಕೇಳಿಯೇಬಿಟ್ಟೆ. ಇದೆ ಅಂದರು. ಈಗ ತಾನೇ ಶುರುವಾಗಿದೆ, ಅವಸರ ಮಾಡಬೇಡ ಅಂದರು. ಮೆಟ್ಟಿಲ ಅರ್ಧಕ್ಕೆ ನಿಂತು, ತಿರುಗದೆಯೇ, ‘ನಿಮ್ಮಪ್ಪ ಇನ್ನೊಂದ್ಸಲ ಬರೋದಾದ್ರೆ ಊಟದ ಹೊತ್ತಿಗೆ ಬರ್ಲಿ. ಅವತ್ತು ಎರಡು ಗಂಟೆ ಹೊತ್ತು ಬಸ್‌ಸ್ಟ್ಯಾಂಡಲ್ಲಿ ಕೂತಿದ್ನಂತೆ, ಯಾರೋ ಅಂದ್ರು’ ಅಂದರು.

ಯಾವಾಗ ಬರುತ್ತೀ ಎಂದು ನೇರವಾಗಿ ಅವರಿಗೇ ಬರೆ. ನಡುವೆ ನಾನು ಬೇಡ.

ಇಷ್ಟಕ್ಕೆ ಪತ್ರ ಮುಗಿಸಬಹುದಿತ್ತು. ಆದರೆ ನಿನ್ನ ಪತ್ರ ಓದಿದಾಗಿನಿಂದ ನನಗೆ ಕೂರಲಾಗುತ್ತಿಲ್ಲ, ನಿಲ್ಲಲಾಗುತ್ತಿಲ್ಲ. ಈ ಸಲ ಅದು ಸ್ವಭಾವದಿಂದಲ್ಲ.

ಏಳು ವರ್ಷದ ತಡಕ್ಕೆ ಒಂದು ಹೇಳದ ಮಾತು ಕಾರಣ ಎಂದು ಗೊತ್ತಾದ ಮೇಲೆ ಮ್ಯಾನೇಜರಿಗೆ ಸಂವಹನದ ಮೇಲೆ ವಿಪರೀತ ಭಕ್ತಿ ಬಂದಿದೆ. ಗಾಜಿನ ಕೋಣೆಯ ಬಾಗಿಲು ತೆಗೆದೇ ಇಟ್ಟುಕೊಳ್ಳುತ್ತಾರೆ. ನನ್ನನ್ನು ಹೊಗಳಿ ಹೆಡ್ಡಾಫೀಸಿಗೆ ಬರೆದರು, ಅಷ್ಟಕ್ಕೆ ಬಿಡದೆ ಫೋನೂ ಮಾಡಿದರು. ಹೆಡ್ಡಾಫೀಸಿನವರೂ ಮೆಚ್ಚಿದ್ದಾರೆ. ಎಲ್ಲ ಶಾಖೆಗಳಲ್ಲೂ ಒಬ್ಬೊಬ್ಬ ಆಂತರಿಕ ಸಂವಹನ ಸುಧಾರಣಾಧಿಕಾರಿಯನ್ನು ನೇಮಿಸುತ್ತಾರಂತೆ. ಮಾದರಿಗೆ ನನ್ನ ನೇಮಕದ ಆದೇಶದ ಪ್ರತಿ ಬೇಕಂತೆ. ಸೋಮವಾರ ಹತ್ತು ಗಂಟೆಗೆ ಮೇಲಿನವರೇ ಬರುತ್ತಾರೆ.

ಅಪ್ಪಾ, ನನ್ನನ್ನು ಯಾರೂ ನೇಮಿಸಿಲ್ಲ. ಫೆಬ್ರವರಿಯ ಒಂದು ಬೇಸರದ ಮಧ್ಯಾಹ್ನ ಆ ಆದೇಶವನ್ನು ನಾನೇ ಟೈಪು ಮಾಡಿ ಬೋರ್ಡಿಗೆ ಚುಚ್ಚಿದೆ. ಒಂದು ದಿನದ ತಮಾಷೆ, ಸಂಜೆಯೊಳಗೆ ಯಾರಾದರೂ ಹಿಡಿದು ಬೈಯುತ್ತಾರೆ ಎಂದುಕೊಂಡಿದ್ದೆ. ಮ್ಯಾನೇಜರು ಅದನ್ನು ಹೆಡ್ಡಾಫೀಸಿನದು ಅಂದುಕೊಂಡರು, ಹೆಡ್ಡಾಫೀಸಿನವರು ಮ್ಯಾನೇಜರದು ಅಂದುಕೊಂಡರು, ಐದು ತಿಂಗಳು ಯಾರೂ ಯಾರನ್ನೂ ಕೇಳಲಿಲ್ಲ.

ನಿನ್ನ,
ಚೀಟಿ ಕಟ್ಟುವ ಮಗಳು